ಯುವಜನರನ್ನು ಕೇಳಿದ್ದೇವೆ, ಫೋಟೋ ಇದೆ

ಹಳ್ಳಿಯ ಹುಡುಗ ಹುಡುಗಿಯರನ್ನು ಕೇಳಿಯೇ ನಾಟಕ, ನೃತ್ಯ, ಸಂಗೀತದ ಕಾರ್ಯಕ್ರಮ ರೂಪಿಸಬೇಕು ಎಂಬ ಷರತ್ತು ಅನುದಾನದ ಪತ್ರದಲ್ಲಿ ಕಂಡರೆ ಸಮಿತಿಗಳು ಗಾಬರಿಯಾಗಬೇಕಿಲ್ಲ. ಯಾವಾಗ ಕೇಳಬೇಕು ಅಂತ ಅದರಲ್ಲಿ ಇರುವುದಿಲ್ಲ.

ಮೊದಲು ತಂಡಕ್ಕೆ ಮುಂಗಡ ಕೊಡಿ, ಸಭಾಂಗಣ ಗೊತ್ತುಮಾಡಿ, ಪೋಸ್ಟರ್ ಅಚ್ಚಿಗೆ ಕಳಿಸಿ. ಆಮೇಲೆ ಸಮಾಲೋಚನಾ ಸಭೆ ಕರೆಯಿರಿ. ಮುಂಗಡ ಹೋದ ಮೇಲೆ ಯಾರ ಅಭಿಪ್ರಾಯದಿಂದಲೂ ತೊಂದರೆಯಿಲ್ಲ.

ಸಭೆಗೆ ಪ್ರಶಸ್ತ ಸಮಯ ಕೆಲಸದ ದಿನ ಬೆಳಿಗ್ಗೆ 11 ಗಂಟೆ. ಓದುವವರು ತರಗತಿಯಲ್ಲಿ, ದುಡಿಯುವವರು ಹೊಲದಲ್ಲಿ. ಕೈಗೆ ಸಿಗುವುದು ಸಮಿತಿ ಸದಸ್ಯರ ಮಕ್ಕಳು. ಅವರು ಎಲ್ಲದಕ್ಕೂ ಒಪ್ಪುತ್ತಾರೆ (ಸಂಜೆ ಮನೆಗೆ ಹೋಗಬೇಕಲ್ಲ). ಸಂಜೆಯೇ ಇಡಬೇಕಾಗಿ ಬಂದರೆ ಕೊನೆಯ ಬಸ್ಸು ಹೋದ ಮೇಲೆ ಮುಗಿಸಿ. ಎರಡನೇ ಸಭೆಗೆ ಹುಡುಗಿಯರು ಬರುವುದೇ ಇಲ್ಲ.

ಪ್ರಶ್ನೆಗಳಲ್ಲಿ ಎಚ್ಚರವಿರಲಿ. "ನಿಮಗೆ ಕಲೆ ಇಷ್ಟವೇ?" ಸಾಕು. "ಇದೇ ದುಡ್ಡಿನಲ್ಲಿ ಒಂದು ದೊಡ್ಡ ಪ್ರದರ್ಶನ ಬೇಕೋ, ಮೂರು ತಿಂಗಳ ಬೆಳಕು-ಧ್ವನಿ ತರಬೇತಿ ಬೇಕೋ?" ಎಂದು ಕೇಳಿದಿರೋ, ಬಜೆಟ್ ಹಾಳೆ ತೋರಿಸಬೇಕಾಗುತ್ತದೆ. ಉದ್ಘಾಟನೆಯ ಖರ್ಚು ಕಲಾವಿದರ ಸಂಭಾವನೆಗಿಂತ ಯಾಕೆ ಹೆಚ್ಚು ಎಂದು ಯಾವಳೋ ಕೇಳಿಯೇ ಕೇಳುತ್ತಾಳೆ.

ಮೈಕ್ ಸೆಟ್ಟಿನ ಹುಡುಗನನ್ನಂತೂ ಹತ್ತಿರ ಬಿಟ್ಟುಕೊಳ್ಳಬೇಡಿ. ಒಂದೊಂದು ಕಿಲೋವ್ಯಾಟಿನ ಎಂಟು ದೀಪ ಅಂದರೆ 230 ವೋಲ್ಟಿನಲ್ಲಿ ಸುಮಾರು 35 ಆಂಪಿಯರ್, ಸಭಾಂಗಣದಲ್ಲಿರುವುದು 15 ಆಂಪಿಯರಿನ ಒಂದೇ ಪ್ಲಗ್ಗು, ಎರಡು ದೀಪ ಇಳಿಸಿದರೂ ಆಗದು, ಜನರೇಟರ್ ಬೇಕು ಎಂದುಬಿಡುತ್ತಾನೆ. ನಡಾವಳಿಯಲ್ಲಿ ಅದನ್ನು "ತಾಂತ್ರಿಕ ವಿಷಯ, ಸಭೆಯ ವ್ಯಾಪ್ತಿಗೆ ಬರುವುದಿಲ್ಲ" ಎಂದು ಬರೆದುಕೊಳ್ಳಿ. ಎರಡನೇ ದೃಶ್ಯದಲ್ಲಿ ಕತ್ತಲಾದಾಗ ಟಾರ್ಚ್ ಹಿಡಿಯಲು ಅವನೇ ಬೇಕು, ಹಾಗಾಗಿ ಫೋನ್ ನಂಬರ್ ಇಟ್ಟುಕೊಂಡಿರಿ.

ಮಕ್ಕಳ ಬಗ್ಗೆ ಅಧ್ಯಯನ ಮಾಡಿದ ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್ ಪ್ರಕಟಿಸಿದ ಬರಹವೊಂದರಲ್ಲಿ ಮಕ್ಕಳ ಸಹಭಾಗಿತ್ವಕ್ಕೆ ಎಂಟು ಮೆಟ್ಟಿಲ ಏಣಿ ಹಾಕಿಕೊಟ್ಟರು. ಕೈಗೊಂಬೆ ಮಾಡುವುದು, ಅಲಂಕಾರಕ್ಕೆ ನಿಲ್ಲಿಸುವುದು, ಲೆಕ್ಕಕ್ಕೆ ಸೇರಿಸುವುದು: ಈ ಕೆಳಗಿನ ಮೂರು ಸಹಭಾಗಿತ್ವವೇ ಅಲ್ಲ ಅಂದರು. ಸಮಿತಿಗಳು ಒಂದೇ ಸಭೆಯಲ್ಲಿ ಮೂರೂ ಹತ್ತಿ, ಗ್ರೂಪ್ ಫೋಟೋ ತೆಗೆಸಿಕೊಂಡು ಇಳಿದುಬಿಡುತ್ತವೆ.

ಇನ್ನು ಕೆಲವರ ಹುಚ್ಚು ಬೇರೆ. ದಿನಾಂಕ ಗೊತ್ತುಮಾಡುವ ಮೊದಲೇ ಪರೀಕ್ಷೆಯ ವೇಳಾಪಟ್ಟಿ, ಸುಗ್ಗಿಯ ವಾರ ನೋಡುತ್ತಾರೆ. ಬಸ್ ಚಾರ್ಜು ಕೊಡುತ್ತಾರೆ. ಐದರಲ್ಲೊಂದು ಪಾಲು ಹಣವನ್ನು ಹುಡುಗರ ಕೈಗೇ ಬಿಟ್ಟು, ಯಾವ ಸಲಹೆ ಒಪ್ಪಿದೆವು, ಯಾವುದನ್ನು ಯಾಕೆ ಬಿಟ್ಟೆವು ಎಂದು ಎರಡು ವಾರದೊಳಗೆ ಬರೆದು ತಿಳಿಸುತ್ತಾರೆ. ಇಂಥವರ ಸಹವಾಸ ಬೇಡ. ಮುಂದಿನ ವರ್ಷ ಅದೇ ಹುಡುಗರು ಸ್ನೇಹಿತರನ್ನೂ ಕಟ್ಟಿಕೊಂಡು ಬರುತ್ತಾರೆ.

ಪ್ರದರ್ಶನದ ದಿನ ಕುರ್ಚಿ ಹೊರುವವರ ಕೊರಳಿಗೆ "ಯುವ ರಾಯಭಾರಿ" ಎಂಬ ಬ್ಯಾಡ್ಜು ಹಾಕಿ. ಮರುದಿನ ಪರೀಕ್ಷೆಯೆಂದು ಅವರು ಬಾರದೇ ಹೋದರೆ ಇನ್ನೂ ಒಳ್ಳೆಯದು: "ಗ್ರಾಮೀಣ ಯುವಜನರಲ್ಲಿ ಕಲಾಸಕ್ತಿ ಕುಂದುತ್ತಿದೆ" ಎಂದು ಬರೆದು, ಅದನ್ನು ಸರಿಪಡಿಸಲು ಮುಂದಿನ ಅನುದಾನಕ್ಕೆ ಅರ್ಜಿ ಹಾಕಿ.