ಮೂಳೆಗೆ ವ್ಯಾಯಾಮ ಇದೆ, ಮನಸ್ಸಿಗೆ?

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿದ್ದ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ 2025ರ ಜುಲೈನಲ್ಲಿ ಭೂಮಿಗೆ ಮರಳಿದ ಮೇಲೆ ನಮ್ಮಲ್ಲಿ ಗಗನಯಾನದ್ದೇ ಮಾತು, 2035ರ ಹೊತ್ತಿಗೆ ನಮ್ಮದೇ ಬಾಹ್ಯಾಕಾಶ ನಿಲ್ದಾಣ ಅನ್ನುವ ಕನಸು. ನನಗೂ ಹೆಮ್ಮೆಯಿದೆ. ಆದರೆ ಅಲ್ಲಿ ತಿಂಗಳುಗಟ್ಟಲೆ ಇರಬೇಕಾದವರ ಆರೋಗ್ಯದ ಬಗ್ಗೆ, ಅದರಲ್ಲೂ ಮನಸ್ಸಿನ ಬಗ್ಗೆ, ನಾವು ಮಾತಾಡುವುದು ತೀರಾ ಕಡಿಮೆ.

ದೇಹದ ಕಾಳಜಿಗೆ ದಾರಿ ಹುಡುಕಿದ್ದಾರೆ. ಅಲ್ಲಿ ಸೊಂಟದ ಮೂಳೆ ತಿಂಗಳಿಗೆ ಸುಮಾರು ಶೇ. 1ರಷ್ಟು ಸವೆಯುತ್ತದೆ. ಅದಕ್ಕೇ ದಿನಕ್ಕೆ ಎರಡು ತಾಸಿನಷ್ಟು ವ್ಯಾಯಾಮ. ಕಬ್ಬಿಣ ಎತ್ತೋಣವೆಂದರೆ ಅದಕ್ಕೆ ಅಲ್ಲಿ ಭಾರವೇ ಇಲ್ಲ, ಹಾಗಾಗಿ ಗಾಳಿ ತೆಗೆದ ನಿರ್ವಾತ ಕೊಳವೆಗಳ ಸೆಳೆತದ ವಿರುದ್ಧ ಎತ್ತುವ ಯಂತ್ರ ಇಟ್ಟಿದ್ದಾರೆ. ಟ್ರೆಡ್‌ಮಿಲ್ ಮೇಲೆ ಓಡಬೇಕಾದರೆ ಹೆಗಲಿಗೂ ಸೊಂಟಕ್ಕೂ ಪಟ್ಟಿ ಬಿಗಿದು ಕೆಳಕ್ಕೆ ಎಳೆದುಕೊಳ್ಳಬೇಕು.

ಮನಸ್ಸಿಗೆ ಇಂಥ ಯಂತ್ರವಿಲ್ಲ. ಸುಮಾರು ಎಂಟು ದಿನಕ್ಕೆಂದು ನಿಲ್ದಾಣಕ್ಕೆ ಹೋದ ಅಮೆರಿಕದ ಗಗನಯಾತ್ರಿ ಸುನೀತಾ ವಿಲಿಯಮ್ಸ್ 286 ದಿನ ಕಳೆದು ಬಂದರು. ಅಷ್ಟು ದಿನವೂ ಮನೆಯವರ ದನಿ ಕೇಳುವ ಅನುಕೂಲವಾದರೂ ಇತ್ತು.

ನಾನು ಕಾರವಾರದ ಬೈತಖೋಲದವಳು. ಅಣ್ಣ ಆಳಸಮುದ್ರಕ್ಕೆ ಹೋಗುವ ಬೋಟಿನಲ್ಲಿದ್ದಾನೆ. ನೆಟ್‌ವರ್ಕ್ ದಾಟಿತೆಂದರೆ ಮುಗಿಯಿತು, ಮಗಳಿಗೆ ಜ್ವರ ಬಂದು ಬಿಟ್ಟು ಹೋದರೂ ಅವನಿಗೆ ತಿಳಿಯದು. ರಾತ್ರಿಯಿಡೀ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಅತ್ತಿಗೆ ಮತ್ತೆ ಮತ್ತೆ ಅವನ ನಂಬರ್ ಒತ್ತುವುದನ್ನು ನೋಡಿದ್ದೇನೆ. ಮಂಗಳನತ್ತ ಹೋಗುವವರ ಪಾಡು ಇನ್ನೂ ಕಠಿಣ. ಎರಡೂ ಗ್ರಹ ತೀರಾ ದೂರವಿದ್ದಾಗ ಒಂದು ಮಾತು ತಲುಪಲು 20 ನಿಮಿಷಕ್ಕೂ ಹೆಚ್ಚು ಬೇಕು, ಉತ್ತರಕ್ಕೆ ಮತ್ತೆ ಅಷ್ಟೇ. ಕರೆ ಮಾಡಿ ಅತ್ತು ಹಗುರಾಗುವಂತಿಲ್ಲ.

ಹಾಗಂತ ನಮ್ಮವರು ಏನೂ ಮಾಡುತ್ತಿಲ್ಲ ಅನ್ನಲಾರೆ. ಶುಕ್ಲಾ ಜೊತೆ ಹೋದ ಹೆಸರುಕಾಳು, ಮೆಂತೆ ಮೊಳಕೆಯ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯದ್ದು. ಪೊಟ್ಟಣದ ಊಟ ತಿಂದು ಬೇಸತ್ತವರಿಗೆ ಕಣ್ಣೆದುರು ಚಿಗುರಿದ ಹಸಿರು ಬರೀ ಪೌಷ್ಟಿಕಾಂಶ ಅಲ್ಲ.

ನಮ್ಮ ನಿಲ್ದಾಣದ ನಕ್ಷೆಯಲ್ಲೇ ಮನೆಯವರೊಂದಿಗೆ ಒಬ್ಬರೇ ಕೂತು ಮಾತಾಡುವ ಮರೆಯ ಜಾಗ, ಭೂಮಿ ಕಾಣುವ ದೊಡ್ಡ ಕಿಟಕಿ ಇರಲಿ. ತಂಡ ಆರಿಸುವಾಗ ಮನಶ್ಶಾಸ್ತ್ರಜ್ಞರ ಮಾತಿಗೆ ಇಂಜಿನಿಯರ್ ಮಾತಿನಷ್ಟೇ ತೂಕವಿರಲಿ. ಇಲ್ಲಿ ಕಾಯುವ ಮನೆಯವರಿಗೂ ಯಾರಾದರೂ ಆಸರೆ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನನಗೆ ತಡೆಯಲಾಗುತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ ಗಗನಯಾತ್ರಿಗೆ ಮುಂದಿನ ಅವಕಾಶ ಕೈತಪ್ಪಬಾರದು. ತಪ್ಪುತ್ತದೆ ಎಂಬ ಭಯವಿದ್ದರೆ ಯಾರೂ ಹೇಳಲಾರರು, ವೈದ್ಯರಿಗೆ ಗೊತ್ತೂ ಆಗದು.