ಸತ್ಯಾಂಶ: ಸಹಿ ಹಾಕಿಸಿಕೊಂಡರೆ ಮಾಲೀಕರ ಹೊಣೆ ಮುಗಿಯಿತಾ?

‘ಏನೇ ಅಪಘಾತವಾದರೂ ನಾನೇ ಹೊಣೆ ಅಂತ ಬರೆದುಕೊಟ್ಟರೆ ಪರಿಹಾರ ಸಿಗಲ್ಲ. ಹೆಲ್ಮೆಟ್ ಹಾಕದಿದ್ದರಂತೂ ಮುಗೀತು.’ ಕಾರ್ಮಿಕರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುವ ಈ ಮೆಸೇಜ್ ಬಹುಪಾಲು ತಪ್ಪು.

ಗೇಟ್ ಪಾಸ್ ಜೊತೆ ‘ನಾನೇ ಹೊಣೆ’ ಅನ್ನುವ ಹಾಳೆಗೂ ಸುಮ್ನೆ ಸಹಿ ಹಾಕಿಸಿಕೊಳ್ಳುವುದುಂಟು. ಆದರೆ ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಯಾವ ಒಪ್ಪಂದವೂ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಕಾರ್ಮಿಕರ ಪರಿಹಾರದ 1923ರ ಕಾಯ್ದೆಯಲ್ಲೇ ಇದು ಇತ್ತು. ಗುತ್ತಿಗೆದಾರನ ಕಡೆಯವರು ಅಂದರೂ ಮುಖ್ಯ ಮಾಲೀಕರು ಜಾರಿಕೊಳ್ಳುವಂತಿಲ್ಲ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದವರಿಗೆ ಹಣ ಮಾಲೀಕರ ಬದಲು ಅಲ್ಲಿಂದ ಬರುತ್ತದೆ.

ಹೆಲ್ಮೆಟ್ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಸುರಕ್ಷತೆಯ ಸಾಧನ ಯಾವುದೇ ಇರಲಿ, ಲೆಕ್ಕ ಒಂದೇ. ಉದಾಹರಣೆಗೆ, ಲೋಹದ ಹಾಳೆಯನ್ನು ಒತ್ತಿ ಆಕಾರ ಕೊಡುವ ಪವರ್ ಪ್ರೆಸ್ ಯಂತ್ರ ನೋಡಿ. ಎರಡೂ ಕೈಯಿಂದ ಬಟನ್ ಒತ್ತಿದರೆ ಮಾತ್ರ ಅದು ಇಳಿಯಬೇಕು. ಕೆಲಸ ಬೇಗ ಆಗಲಿ ಅಂತ ಒಂದು ಬಟನ್‌ಗೆ ಕಡ್ಡಿ ಸಿಕ್ಕಿಸಿಬಿಡುತ್ತಾರೆ. ಕಾರ್ಮಿಕ ಬೇಕಂತಲೇ ಹಾಗೆ ಮಾಡಿ, ಅದರಿಂದಲೇ ಬೆರಳು ಹೋದರೆ ಮಾಲೀಕರು ಪರಿಹಾರ ನಿರಾಕರಿಸಬಹುದು. ಆದರೆ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆದರೆ ಈ ನೆಪ ನಡೆಯುವುದಿಲ್ಲ. ಸೂಪರ್‌ವೈಸರೇ ಕಡ್ಡಿ ಸಿಕ್ಕಿಸು ಅಂದಿದ್ದರೆ ಅದು ಕಾರ್ಮಿಕನ ತಪ್ಪು ಹೇಗಾಗುತ್ತದೆ, ಅಲ್ವಾ?

ಇನ್ನೊಂದು ಮಾತು. ಕಾನೂನಿನಂತೆ ಕೊಡಲೇಬೇಕಾದ ಹೆಲ್ಮೆಟ್, ಗ್ಲೌಸ್‌ಗೆ ಸಂಬಳದಲ್ಲಿ ದುಡ್ಡು ಹಿಡಿಯುವಂತಿಲ್ಲ. ಕರ್ನಾಟಕದಲ್ಲಿ ಫ್ಯಾಕ್ಟರಿಗಳ ಸುರಕ್ಷತೆ ನೋಡಿಕೊಳ್ಳುವುದು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ. ದೂರು ಕೊಟ್ಟವರ ಹೆಸರನ್ನು ಇನ್ಸ್‌ಪೆಕ್ಟರ್ ಮಾಲೀಕರಿಗೆ ಹೇಳಬಾರದು.