ಎಡಿಟಿಂಗ್‌ನಲ್ಲಿ ಸರಿ ಮಾಡೋಣ ಬಿಡಿ

‘ಎಡಿಟಿಂಗ್‌ನಲ್ಲಿ ಸರಿ ಮಾಡೋಣ ಬಿಡಿ’ ಅನ್ನುವವರು ಯಾರೂ ಕೂತು ಎಡಿಟ್ ಮಾಡುವವರಲ್ಲ. ಕೋಪ ಇನ್ನೂ ಆರಿಲ್ಲ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಕ್ಯಾಲಿಫೋರ್ನಿಯಾದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ, ಯಾವ ವಯಸ್ಸಿನವರೂ ಸೇರಬಹುದಾದ ಸರ್ಕಾರಿ ಕಾಲೇಜುಗಳು. ಫೀಸು ಲೆಕ್ಕ ಹಾಕುವುದು ಯೂನಿಟ್‌ನಲ್ಲಿ, ಅಂದರೆ ಕ್ರೆಡಿಟ್‌ನಲ್ಲಿ. ಇಲ್ಲಿನ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್. ಮೂರು ಯೂನಿಟ್‌ನ ವಿಡಿಯೋ ಪ್ರೊಡಕ್ಷನ್ ಕ್ಲಾಸಿಗೆ 138. ‘ಮಗಳ ಈಜು ಕ್ಲಾಸಿಗೇ ಇದಕ್ಕಿಂತ ಜಾಸ್ತಿ ಕಟ್ತೀವಿ, ಸೇರ್ಕೋ’ ಅಂದರು ನಮ್ಮನೆಯವರು. ಸೇರಿಕೊಂಡೆ.

ಪ್ರಾಜೆಕ್ಟಿಗೆ ನನ್ನ ಜೋಡಿಯಾಗಿ ಸಿಕ್ಕವನು ಹತ್ತೊಂಬತ್ತರ ಹುಡುಗ. ಒಳ್ಳೆಯವನೇ. ಆದರೆ ಬಾಯಲ್ಲಿ ಇರುವುದು ಅದೊಂದೇ ಮಾತು. ಫ್ರೇಮ್ ಓರೆಯಾಗಿದೆಯಪ್ಪಾ ಅಂದರೆ ಎಡಿಟಿಂಗ್‌ನಲ್ಲಿ. ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಮಾಡದೆ ಮುಖವೆಲ್ಲ ನೀಲಿಯಾಗಿದೆ ಅಂದರೆ ಎಡಿಟಿಂಗ್‌ನಲ್ಲಿ. ಬ್ಯಾಟರಿ ಮುಗಿಯುತ್ತಾ ಬಂದಾಗಲೂ ಅದನ್ನೇ ಹೇಳಿದ!

ಮೂರು ನಿಮಿಷದ ಸಂದರ್ಶನ ನಮ್ಮ ಪ್ರಾಜೆಕ್ಟು. ಸನ್ನಿವೇಲ್‌ನಲ್ಲಿ ನಮ್ಮ ಹಿಂದಿನ ಬೀದಿಯ ಅಂಕಲ್ ಹಿತ್ತಲಲ್ಲಿ ಕರಿಬೇವಿನ ಗಿಡ ಬೆಳೆಸಿದ್ದಾರೆ. ಇಲ್ಲಿ ಅದು ಆಸ್ತಿ. ಕಾಲರ್ ಮೈಕ್ ಹಾಕಿದೆವು. ಚಳಿಗಾಲದಲ್ಲಿ ಹೆಂಡತಿಯ ಹಳೇ ಶಾಲು ಹೊದಿಸಿ ಗಿಡ ಉಳಿಸಿಕೊಂಡ ಕಥೆ ಹೇಳುತ್ತಾ ಅವರ ಗಂಟಲು ಕಟ್ಟಿತು. ಸರಿಯಾಗಿ ಆಗ ಪಕ್ಕದ ಮನೆಯಲ್ಲಿ ಲೀಫ್ ಬ್ಲೋವರ್ ಶುರು, ಉದುರಿದ ಎಲೆಗಳನ್ನು ಗಾಳಿ ಊದಿ ಗುಡಿಸುವ ಯಂತ್ರ. 2024ರಿಂದ ತಯಾರಾಗುವವು ಹೊಗೆ ಉಗುಳಬಾರದು ಅಂತ ಈ ರಾಜ್ಯದ ನಿಯಮ. ಹಳೆಯವನ್ನು ಓಡಿಸಲು ಆ ನಿಯಮದ ಅಡ್ಡಿಯಿಲ್ಲ. ಇದು ಹಳೆಯದು, ತುಂಬಾ ಹಳೆಯದು.

ನಿಲ್ಲಿಸು ಅಂತ ಕೈ ಮಾಡಿದೆ. ಹುಡುಗ ಹೆಬ್ಬೆರಳು ಎತ್ತಿ ತೋರಿಸಿ ಶೂಟ್ ಮುಂದುವರಿಸಿದ. ಸದ್ದು ನಿಂತ ಮೇಲೆ ‘ಅಂಕಲ್, ಇನ್ನೊಂದ್ಸಲ ಹೇಳ್ತೀರಾ?’ ಅಂತ ಕೇಳಿದೆ. ‘ಆಗ್ಲೇ ಹೇಳಿದ್ನಲ್ಲಮ್ಮಾ, ಕೇಳಿಸಿಕೊಳ್ಳಲಿಲ್ವಾ?’ ಅಂದರು. ಆಮೇಲೆ ಇಂಗ್ಲಿಷಿನಲ್ಲಿ, ಬ್ಯಾಂಕಿನವರಿಗೆ ವಿಳಾಸ ಹೇಳುವ ಹಾಗೆ, ಒಂದೇ ಉಸಿರಿಗೆ ಮುಗಿಸಿಬಿಟ್ಟರು. ಶಾಲಿನ ಮಾತೇ ಬರಲಿಲ್ಲ.

ಫ್ರಿಜ್ಜಿನ ಗುಂಯ್ ಒಂದೇ ಸಮ ಇರುತ್ತೆ, ಸಾಫ್ಟ್‌ವೇರು ತೆಗೆದುಬಿಡುತ್ತೆ. ಬ್ಲೋವರ್ ಹಾಗಲ್ಲ. ಏರುತ್ತೆ, ಇಳಿಯುತ್ತೆ, ಮಾತಿನ ಜೊತೆ ಹೆಣೆದುಕೊಳ್ಳುತ್ತೆ. ತೆಗೆದಷ್ಟೂ ಅಂಕಲ್ ದನಿಯೂ ಸವೆದು, ಯಾರೋ ರೋಬೋಟ್ ಕರಿಬೇವಿಗೆ ಅಳುತ್ತಿರುವಂತೆ ಕೇಳುತ್ತೆ. ನಿನ್ನೆ ರಾತ್ರಿಯೆಲ್ಲ ಇದೇ ಕೆಲಸ.

ಶೂಟಿಂಗ್ ಮುಗಿದ ಮೇಲೆ ಎಲ್ಲರೂ ಬಾಯಿ ಮುಚ್ಚಿಕೊಂಡು ಅರ್ಧ ನಿಮಿಷ ಬರೀ ಜಾಗದ ಸದ್ದು ರೆಕಾರ್ಡ್ ಮಾಡಬೇಕು. ರೂಮ್ ಟೋನ್ ಅಂತಾರೆ. ಕತ್ತರಿಸಿದ ಕಡೆ ತುಂಬಲು ಬೇಕಾಗುತ್ತೆ. ಅಂಕಲ್ ಹಿತ್ತಲಿನದು ಹಾಕಿ ಕೇಳಿದೆ. ಸ್ವಲ್ಪ ಗಾಳಿ, ಅಷ್ಟೇ. ಮಲ್ಲೇಶ್ವರದ ನಮ್ಮ ಮನೆಯಲ್ಲಿ ಹೀಗೆ ಅರ್ಧ ನಿಮಿಷ ಮೈಕ್ ಇಟ್ಟಿದ್ದರೆ ಕುಕ್ಕರ್ ಎರಡು ಸಲ ಕೂಗಿರುತ್ತಿತ್ತು, ಸೊಪ್ಪಿನವಳು ಬಂದಿರುತ್ತಿದ್ದಳು, ಅಮ್ಮ ‘ಮೈಕ್ ಆನ್ ಇದ್ಯಾ?’ ಅಂತ ಕೇಳಿರುತ್ತಿದ್ದಳು. ಆಗ ಯಾರೂ ರೆಕಾರ್ಡ್ ಮಾಡಲಿಲ್ಲ. ಈಗ ಆ ಮನೆಯ ಜಾಗದಲ್ಲಿ ಅಪಾರ್ಟ್‌ಮೆಂಟ್ ಇದೆ.

ಬೆಳಿಗ್ಗೆ ಹುಡುಗ ಟೈಟಲ್ ಕಾರ್ಡ್ ಕಳಿಸಿದ. ಕಥೆ, ಕ್ಯಾಮೆರಾ, ನಿರ್ದೇಶನ, ಎಲ್ಲ ಅವನದೇ. ಎಡಿಟಿಂಗ್‌ನಲ್ಲೂ ಅವನ ಹೆಸರು! ನನ್ನ ಹೆಸರು ಇರುವುದು ‘ಸೌಂಡ್’ ಎದುರಿಗೆ ಮಾತ್ರ. ಅದರಲ್ಲೂ ಒಂದು ಅಕ್ಷರ ತಪ್ಪು.